ಇಲಿಯ ಕರುಳು ಸಕ್ಕರೆಯನ್ನು ಗುರುತಿಸುವ ಬಗೆ: ನನ್ನ ಅನುಭವ

ಸಕ್ಕರೆ ತಲುಪಿದಾಗ ಕರುಳು ರಕ್ತಕ್ಕೆ ಬಿಡುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಇಲಿಗಳಲ್ಲಿ ಅಳೆಯಲು ಕೈಹಾಕಿದ ಮೊದಲ ಎರಡು ವಾರ ನನಗೆ ಏನೂ ಸಿಗಲಿಲ್ಲ. ಕರುಳಿಗೆ ಗ್ಲೂಕೋಸ್ ಬಿಟ್ಟರೂ ಅಷ್ಟೇ, ಉಪ್ಪುನೀರು ಬಿಟ್ಟರೂ ಅಷ್ಟೇ. ತಪ್ಪು ನನ್ನದೇ. ಡಿಪಿಪಿ-4 ಎಂಬ ಕಿಣ್ವ ಈ ಹಾರ್ಮೋನನ್ನು ರಕ್ತದಲ್ಲೇ ಕತ್ತರಿಸಿಹಾಕುತ್ತದೆ; ಒಂದೆರಡು ನಿಮಿಷಕ್ಕೆ ಅರ್ಧ ಹೋಗಿರುತ್ತದೆ. ನಾನು ಮಾತ್ರ ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಕೊನೆಯ ಇಲಿಯ ಸರದಿ ಮುಗಿಯಲಿ ಎಂದು ಕಾಯುತ್ತಿದ್ದೆ. ಆಮೇಲೆ ಪ್ರತಿ ಟ್ಯೂಬಿಗೂ ಮೊದಲೇ ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಡಿಟಿಎ ಮತ್ತು ಆ ಕಿಣ್ವವನ್ನು ತಡೆಯುವ ರಾಸಾಯನಿಕ ಹಾಕಿ, ಐಸ್‌ ಪುಡಿಯಲ್ಲಿ ಹೂತಿಟ್ಟೆ. ರಕ್ತ ಬಿದ್ದ ಕೂಡಲೇ ಸೆಂಟ್ರಿಫ್ಯೂಜ್. ಆಗ ಅಂಕಿಗಳು ಮೇಲೆದ್ದವು.

ಸಣ್ಣಕರುಳಿಗೆ ಗ್ಲೂಕೋಸ್ ಬಿಟ್ಟಾಗ ಹಾರ್ಮೋನು ಏರಿತು. ಅದನ್ನೇ ರಕ್ತನಾಳಕ್ಕೆ ಕೊಟ್ಟರೆ ರಕ್ತದ ಸಕ್ಕರೆ ಏರಿತೇ ಹೊರತು ಹಾರ್ಮೋನು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಈ ಹಾರ್ಮೋನನ್ನು ಬಿಡುವ ಎಲ್ ಕೋಶಗಳ ತುದಿ ಕರುಳಿನ ಒಳಗಡೆಗೆ, ಆಹಾರ ಹರಿಯುವ ಕಡೆಗೇ ಚಾಚಿಕೊಂಡಿರುತ್ತದೆ. ಹಾಗಾದರೆ ಕೋಶ ಸಕ್ಕರೆಯನ್ನು ಉರಿಸಿದ ಮೇಲೆ ಎಚ್ಚರಗೊಳ್ಳುತ್ತದೆಯೋ, ಒಳಗೆ ಬಂದ ಕ್ಷಣಕ್ಕೇ ಎಚ್ಚರಗೊಳ್ಳುತ್ತದೆಯೋ? ನನ್ನನ್ನು ಹಿಡಿದು ಕೂರಿಸಿದ ಪ್ರಶ್ನೆ ಇದು. ಗ್ಲೂಕೋಸ್‌ನಂತೆಯೇ ಒಳಸೇರಿದರೂ ಕೋಶ ಉರಿಸಲಾಗದ ಮೀಥೈಲ್ ಗ್ಲೂಕೋಸೈಡನ್ನು ಕೊಟ್ಟು ನೋಡಿದೆ. ಅದಕ್ಕೂ ಹಾರ್ಮೋನು ಬಂತು! ಸಕ್ಕರೆಯನ್ನು ಒಳಗೊಯ್ಯುವ ಎಸ್‌ಜಿಎಲ್‌ಟಿ-1 ಬಾಗಿಲನ್ನು ಫ್ಲೋರಿಜಿನ್ ಹಾಕಿ ಮುಚ್ಚಿದಾಗ ಏರಿಕೆ ಬಹುಮಟ್ಟಿಗೆ ಕುಸಿಯಿತು. ಈ ಬಾಗಿಲಲ್ಲಿ ಸಕ್ಕರೆಯ ಜೊತೆ ಸೋಡಿಯಂ ಕೂಡ ನುಗ್ಗುತ್ತದೆ. ಅದರ ವಿದ್ಯುದಾವೇಶದಿಂದ ಕೋಶದೊಳಕ್ಕೆ ಕ್ಯಾಲ್ಸಿಯಂ ಹರಿದು, ತುಂಬಿಟ್ಟ ಹಾರ್ಮೋನಿನ ಕಣಗಳು ಹೊರಬೀಳುತ್ತವೆ.

ಎಲ್ಲ ಹಾರ್ಮೋನಿಗೂ ಇದೇ ಲೆಕ್ಕವಲ್ಲ. ಸೆಕ್ರೆಟಿನ್ ಎಂಬ ಇನ್ನೊಂದು ಕರುಳಿನ ಹಾರ್ಮೋನಿಗೆ ಬೇಕಾದದ್ದು ಹುಳಿ. ಶರೀರಶಾಸ್ತ್ರಜ್ಞರಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ 1902ರಲ್ಲಿ ನಾಯಿಯ ನರ ಕತ್ತರಿಸಿದ ಕರುಳಿಗೆ ಆಮ್ಲ ಹಾಕಿಯೇ ಅದನ್ನು ಕಂಡುಹಿಡಿದದ್ದು. ಮೇದೋಜೀರಕ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಸಿಸಿಕೆ ಎಂಬ ಹಾರ್ಮೋನು ಬರಬೇಕಾದರೆ ಕೊಬ್ಬು ಮೊದಲು ಜೀರ್ಣವಾಗಿ ಕೊಬ್ಬಿನಾಮ್ಲವಾಗಬೇಕು. ಪ್ರೋಟೀನಿನ ವಿಷಯದಲ್ಲಂತೂ ಪ್ರಾಣಿಯಿಂದ ಪ್ರಾಣಿಗೆ ವ್ಯತ್ಯಾಸ. ನಾಯಿಯಲ್ಲಿ ಕೆಲವು ಅಮೈನೋ ಆಮ್ಲಗಳೇ ಸಾಕು, ಇಲಿಗೆ ಇಡೀ ಪ್ರೋಟೀನ್ ಬೇಕು. ಸಿಸಿಕೆ ಬಿಡಿಸುವ ಪೆಪ್ಟೈಡನ್ನು ಇಲಿಯ ಕರುಳಿನಲ್ಲಿ ಪ್ರೋಟೀನ್ ಜೀರ್ಣಿಸುವ ಕಿಣ್ವವಾದ ಟ್ರಿಪ್ಸಿನ್ ತಿಂದುಹಾಕುತ್ತಿರುತ್ತದೆ. ಪ್ರೋಟೀನ್ ಬಂದು ಟ್ರಿಪ್ಸಿನ್‌ಗೆ ಕೆಲಸ ಹಚ್ಚಿದಾಗ ಮಾತ್ರ ಆ ಪೆಪ್ಟೈಡ್ ಉಳಿಯುತ್ತದೆ. ಹಸಿ ಸೋಯಾ ತಿಂದ ಇಲಿಗಳ ಮೇದೋಜೀರಕ ಗ್ರಂಥಿ ಊದಿಕೊಳ್ಳುವುದೂ ಹೀಗೆಯೇ, ಸೋಯಾದಲ್ಲಿ ಟ್ರಿಪ್ಸಿನ್ ತಡೆಯುವ ಅಂಶವಿದೆ, ಅದರಿಂದ ಸಿಸಿಕೆ ಹೆಚ್ಚಾಗುತ್ತದೆ.

ಹಾಗಾಗಿ ಹೊಸ ಪ್ರಯೋಗ ಶುರುಮಾಡುವಾಗ ನಾನು ಮೊದಲು ಬರೆದುಕೊಳ್ಳುವುದು ಪ್ರಾಣಿಯ ಹೆಸರು, ಆಮೇಲೆ ಆಹಾರ ಯಾವ ರೂಪದಲ್ಲಿ, ಕರುಳಿನ ಯಾವ ಭಾಗಕ್ಕೆ ತಲುಪುತ್ತದೆ ಎಂಬುದು.