ಹೀಟರ್ ಬಿಸಿ ಗಾಳಿ ಕೊಡುತ್ತಿಲ್ವಾ? ಮೊದಲು ಎರಡು ಪೈಪು ಮುಟ್ಟಿ ನೋಡಿ

ಧನುರ್ಮಾಸದ ಬೆಳಗಿನ ಜಾವ ತಾಳವಾಡಿಯಿಂದ ಹಾಸನೂರು ದಾಟಿ ದಿಂಬಂ ಘಾಟಿ ಇಳಿದವರಿಗೆ ಗೊತ್ತು, ಗಾಜಿನ ಒಳಗೆ ಮಂಜು ಕಟ್ಟಿದರೆ ಆ 27 ತಿರುವು ಮುಗಿಯುವುದೇ ಇಲ್ಲ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಒರೆಸುವ ಬಟ್ಟೆ. ನನ್ನದು ಜೋಡಿಸಿ ಕಟ್ಟಿದ ಗಾಡಿ. ಚಾಸಿ ಹಳೆ ಜೀಪಿನದು, ಇಂಜಿನ್ ಇನ್ನೊಂದರದು, ಬಾಡಿ ಫೈಬರ್, ಹೀಟರ್ ಗುಜರಿಯಿಂದ ತಂದದ್ದು. ಎರಡು ಚಳಿಗಾಲ ಅದು ಬೆಕ್ಕು ಉಸಿರು ಬಿಟ್ಟಷ್ಟು ಬಿಸಿ ಕೊಟ್ಟಿತು. ದೊಡ್ಡದು ಹಾಕಿಸೋಣ ಅಂತ ಹೊರಟಿದ್ದೆ, ಸದ್ಯ ದುಡ್ಡು ಉಳಿಯಿತು.

ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಕೆಳಗಿರುವ ಪುಟ್ಟ ರೇಡಿಯೇಟರ್, ಅಷ್ಟೇ. ಇಂಜಿನ್ನಿನ ಬಿಸಿನೀರು ಒಂದು ಪೈಪಿನಲ್ಲಿ ಬಂದು ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ, ಬ್ಲೋವರ್ ಅದರ ಮೂಲಕ ಗಾಳಿ ನೂಕುತ್ತದೆ. ಹೀಟರ್ ಪೂರ್ತಿ ತೆರೆದು ಇಪ್ಪತ್ತು ನಿಮಿಷ ಓಡಿಸಿ, ಇಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ ಆ ಎರಡೂ ಪೈಪು ಹುಷಾರಾಗಿ ಮುಟ್ಟಿ. ಎರಡೂ ಸುಡುತ್ತಿದ್ದರೆ ನೀರಿನ ತಪ್ಪಲ್ಲ, ಗಾಳಿ ಕಡೆ ನೋಡಿ. ಒಂದು ಬಿಸಿ, ಇನ್ನೊಂದು ತಣ್ಣಗಿದ್ದರೆ ನೀರು ಹೀಟರ್ ಒಳಗೆ ಸರಿಯಾಗಿ ಹರಿಯುತ್ತಿಲ್ಲ. ಎರಡೂ ಉಗುರುಬೆಚ್ಚಗಿದ್ದರೆ ಒಂದೋ ಕೂಲೆಂಟ್ (ಇಂಜಿನ್ನಿನಲ್ಲಿ ಸುತ್ತುವ ಆ ನೀರು) ಕಡಿಮೆ, ಇಲ್ಲವೇ ಇಂಜಿನ್ನೇ ಸರಿಯಾಗಿ ಕಾಯುತ್ತಿಲ್ಲ.

ನನ್ನದು ಈ ಕೊನೆಯದು. ಕಾರಣ ಕೇಳಿದರೆ ನಗ್ತೀರಿ. ಯಾವತ್ತೋ ಯಾರೋ ಮೆಕ್ಯಾನಿಕ್ಕು "ಅಣ್ಣ, ಇದಿಲ್ಲದಿದ್ರೆ ಗಾಡಿ ಹೀಟೇ ಆಗಲ್ಲ" ಅಂತ ಥರ್ಮೋಸ್ಟ್ಯಾಟ್ ಕಿತ್ತು ಬಿಸಾಡಿದ್ದ. ಇಂಜಿನ್ ಕಾಯುವ ತನಕ ನೀರನ್ನು ದೊಡ್ಡ ರೇಡಿಯೇಟರಿಗೆ ಬಿಡದೆ ತಡೆಯುವ ವಾಲ್ವು ಅದು. ನಮ್ಮ ಕಡೆ ಇದು ಮಾಮೂಲಿ ಕೆಲಸ. ಅದಿಲ್ಲದಿದ್ದರೆ ಮೊದಲ ನಿಮಿಷದಿಂದಲೇ ನೀರು ದೊಡ್ಡ ರೇಡಿಯೇಟರಿಗೆ ಹೋಗಿ ಆರುತ್ತದೆ, ಚಳಿಯಲ್ಲಿ ಇಂಜಿನ್ ಕಾಯುವುದೇ ಇಲ್ಲ, ಡೀಸೆಲ್ಲೂ ಜಾಸ್ತಿ ಕುಡಿಯುತ್ತದೆ. ಹೊಸದು ತಂದರೆ ಹಾಕುವ ಮುಂಚೆ ಪರೀಕ್ಷೆ ಮಾಡಿ. ಅದರ ಮೇಲೆ ಎಷ್ಟು ಡಿಗ್ರಿಗೆ ತೆರೆಯುತ್ತದೆ ಅಂತ, ಸಾಮಾನ್ಯವಾಗಿ 82 ಅಥವಾ 88, ಬರೆದಿರುತ್ತದೆ. ದಾರ ಕಟ್ಟಿ, ತಳಕ್ಕೆ ತಾಗದ ಹಾಗೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಒಲೆ ಹಚ್ಚಿ. ತಣ್ಣಗಿದ್ದಾಗ ಬಿಗಿಯಾಗಿ ಮುಚ್ಚಿರಬೇಕು, ನೀರು ಕುದಿಯುವ ಮುಂಚೆ ನಡುವಿನ ತಟ್ಟೆ ನಿಧಾನಕ್ಕೆ ಮೇಲೇಳಬೇಕು. (ಹಾಲಿನ ಪಾತ್ರೆ ಬಳಸಬೇಡಿ. ಮನೆಯಲ್ಲಿ ಬೈಸಿಕೊಂಡಿದ್ದೇನೆ.)

ಆಮೇಲೆ ನೀರಿನ ಪೈಪುಗಳಲ್ಲಿ ಸಿಕ್ಕಿಕೊಂಡ ಗಾಳಿ ತೆಗೆಯುವ ಕೆಲಸ. ಇಂಜಿನ್ ಪೂರ್ತಿ ಆರಿರಬೇಕು. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೇ ಹಾರುತ್ತದೆ. ಮೂತಿ ಏರಿನ ಕಡೆ ಮಾಡಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಳ ತೆಗೆದು, ಹೀಟರ್ ತೆರೆದು ಸ್ಟಾರ್ಟ್ ಮಾಡಿ. ಫ್ಯಾನಿಗೆ ಸಿಗದ ಹಾಗೆ ಕೈ ಇಟ್ಟು ಹೀಟರ್ ಪೈಪು ಹಿಂಡುತ್ತಾ ಇರಿ. ಮಟ್ಟ ಇಳಿದಂತೆ ಕೂಲೆಂಟ್ ತುಂಬಿ, ಗುಳ್ಳೆ ಬರುವುದು ನಿಂತ ಮೇಲೆ ಮುಚ್ಚಿ.

ಇಷ್ಟಾದರೂ ಒಂದು ಪೈಪು ತಣ್ಣಗಿದೆಯಾ? ಹೀಟರಿಗೆ ನೀರು ಬಿಡುವ ವಾಲ್ವಿನ ಕೇಬಲ್ ಪೂರ್ತಿ ಎಳೆಯುತ್ತಿದೆಯಾ ನೋಡಿ. ಅದು ಸರಿ ಇದ್ದರೆ ಒಳಗೆ ಕಟ್ಟಿಕೊಂಡಿದೆ ಅಂತಲೇ ಲೆಕ್ಕ. ಬೋರ್‌ವೆಲ್ ನೀರು ತುಂಬಿಸಿದವರ ಪಾಡು ಇದೇ. ಇಂಜಿನ್ ಆರಿದ ಮೇಲೆ ಎರಡೂ ಪೈಪು ಬಿಚ್ಚಿ, ನೀರು ಹೊರಗೆ ಹೋಗುವ ಕಡೆಯಿಂದ ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಿ. ನನ್ನದರಿಂದ ರಾಗಿ ಅಂಬಲಿ ಬಣ್ಣದ ಕೆಸರು ಬಂತು. ಪಂಪ್‌ಸೆಟ್ ಒತ್ತಡ ಮಾತ್ರ ಕೊಡಬೇಡಿ, ಹಳೇ ಬೆಸುಗೆ ಬಿಟ್ಟುಕೊಂಡು ಕಾಲ ಮೇಲೇ ಸೋರುತ್ತದೆ. ಮತ್ತೆ ತುಂಬುವಾಗ ಕೂಲೆಂಟ್ ಜೊತೆ ಡಿಸ್ಟಿಲ್ಡ್ ವಾಟರ್ ಬೆರೆಸಿ, ಗಾಳಿ ಇನ್ನೊಮ್ಮೆ ತೆಗೆಯಿರಿ.

ಇನ್ನು ಬ್ಲೋವರ್. ಫೈಬರ್ ಬಾಡಿಯವರು ಇಲ್ಲೇ ಮೋಸ ಹೋಗುವುದು. ತಗಡಿನ ಗಾಡಿಯಲ್ಲಿ ಬಾಡಿಯೇ ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಫೈಬರಿನಲ್ಲಿ ಕರೆಂಟ್ ಹರಿಯಲ್ಲ ಅಲ್ವಾ? ನನ್ನ ಗಾಡಿಯಲ್ಲಿ ಅರ್ತ್ ವೈರನ್ನು ತುಕ್ಕು ಹಿಡಿದ ಡ್ಯಾಶ್ ಬ್ರಾಕೆಟ್ಟಿಗೆ ಸಿಕ್ಕಿಸಿದ್ದರು, ಮೋಟಾರ್ ಗೊರಕೆ ಹೊಡೆಯುತ್ತಿತ್ತು. ದಪ್ಪ ವೈರ್ ಎಳೆದು, ಚಾಸಿಯ ಪೇಂಟ್ ಕೆರೆದು ಬೋಲ್ಟ್ ಹಾಕಿದೆ. ಫ್ಯಾನ್ ಶಬ್ದವೇ ಬದಲಾಯಿತು.

ಕೊನೆಗೆ ಪೆಡಲ್ ಹತ್ತಿರ, ಗೇರ್ ಲಿವರ್ ಬುಡದಲ್ಲಿ ಇರುವ ತೂತುಗಳನ್ನು ರಬ್ಬರ್ ಹಾಕಿ ಮುಚ್ಚಿ. ಹೀಟರ್ ಡಬ್ಬಿಯ ಅಂಚಿಗೆ ಫೋಮ್ ಟೇಪ್ ಅಂಟಿಸಿ, ಇಲ್ಲದಿದ್ದರೆ ಗಾಳಿ ಒಳಗಿನ ಪುಟ್ಟ ರೇಡಿಯೇಟರ್ ಬಿಟ್ಟು ಪಕ್ಕದಿಂದ ನುಸುಳುತ್ತದೆ. ಗಾಜಿನ ಮಂಜು ಹೋಗಬೇಕಾದರೆ ಹೀಟರ್ ಹೊರಗಿನ ಗಾಳಿ ಎಳೆಯುವ ಹಾಗೆ ಇಡಿ. ಒಳಗಿನ ಗಾಳಿಯನ್ನೇ ಸುತ್ತಿಸಿದರೆ ಕೂತವರ ಉಸಿರಿನ ತೇವ ಮತ್ತೆ ಗಾಜಿಗೇ ಹೋಗಿ ಕೂರುತ್ತದೆ.