ಅರೇಯೊಳಗಿನ ಅರೇ: ಪಿಎಚ್‌ಪಿಯಲ್ಲಿ ದಲಾಲಿ ಅಂಗಡಿಯ ಆವಕದ ಲೆಕ್ಕ

ದಾವಣಗೆರೆಯ ದಲಾಲಿ ಅಂಗಡಿಯೊಂದಕ್ಕೆ ದಿನದ ಆವಕ ತೋರಿಸುವ ಚಿಕ್ಕ ವೆಬ್ ಪುಟ ಮಾಡಿಕೊಡುವ ಕೆಲಸ ಬಂದಾಗ, ನಾನು ಮೊದಲು ಗುಮಾಸ್ತರ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕುಳಿತೆ. ಅದರಲ್ಲಿ ತಾಲ್ಲೂಕಿಗೊಂದು ಪುಟ, ಪುಟದಲ್ಲಿ ಬೆಳೆಗೊಂದು ಭಾಗ, ಬೆಳೆಯ ಕೆಳಗೆ ಲಾಟಿಗೊಂದು (ಒಟ್ಟಿಗೆ ಮಾರಾಟಕ್ಕೆ ಬಂದ ರಾಶಿಗೊಂದು) ಸಾಲು, ಆ ಸಾಲಿನಲ್ಲಿ ಚೀಲ, ತೂಕ ಮತ್ತು ದರ ಇದ್ದವು. ಇದನ್ನೇ ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆಯಾದ ಪಿಎಚ್‌ಪಿಯಲ್ಲಿ ಅರೇಯೊಳಗೆ (ಅರೇ ಎಂದರೆ ಹಲವು ಬೆಲೆಗಳನ್ನು ಒಂದೇ ಹೆಸರಿನಡಿ ಇಡುವ ಪಟ್ಟಿ) ಅರೇಯಾಗಿ ಇಟ್ಟರೆ ನಾಲ್ಕು ಮಟ್ಟಗಳಾಗುತ್ತವೆ. ನಾನು ಮಾಡಿದ ತಪ್ಪುಗಳಲ್ಲಿ ಬಹುಪಾಲು, ಬರೆಯುತ್ತಿರುವ ಸಾಲು ಆ ನಾಲ್ಕರಲ್ಲಿ ಯಾವ ಮಟ್ಟದಲ್ಲಿ ನಿಂತಿದೆ ಎಂಬುದನ್ನು ಮರೆತದ್ದರಿಂದಲೇ ಆದವು. ಆದ್ದರಿಂದ ಕೋಡ್ ಬರೆಯುವ ಮುನ್ನ ಮಟ್ಟಗಳನ್ನು ಕಾಗದದ ಮೇಲೆ ಒಂದರ ಕೆಳಗೊಂದು ಬರೆದುಕೊಳ್ಳಬೇಕು.

ಪಿಎಚ್‌ಪಿಯಲ್ಲಿ ವೇರಿಯಬಲ್ ಹೆಸರುಗಳನ್ನೂ ಅರೇಯ ಕೀಗಳನ್ನೂ (ಒಳಗಿನ ಪ್ರತಿ ಬೆಲೆಯನ್ನು ಗುರುತಿಸುವ ಹೆಸರುಗಳನ್ನೂ) ಕನ್ನಡದಲ್ಲೇ ಬರೆಯಬಹುದು. ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಉಳಿಸಿದರೆ ಸಾಕು. ಭಾಷೆಯ ಸ್ವಂತ ಪದಗಳಾದ ಫಾರ್‌ಈಚ್ (ಅರೇಯ ಪ್ರತಿ ಅಂಶಕ್ಕೂ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪು), ಅನ್‌ಸೆಟ್ (ಅಳಿಸುವ ಆಜ್ಞೆ) ಮುಂತಾದವನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ, ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಟೈಪ್ ಮಾಡಬೇಕು. ದರಗಳು ಅಭ್ಯಾಸಕ್ಕಾಗಿ ಇಟ್ಟುಕೊಂಡವು.

$ಆವಕ = [
    'ಜಗಳೂರು' => [
        'ಮೆಕ್ಕೆಜೋಳ' => [
            ['ಚೀಲ' => 40, 'ಕ್ವಿಂಟಲ್' => 24, 'ದರ' => 2100],
            ['ಚೀಲ' => 25, 'ಕ್ವಿಂಟಲ್' => 15, 'ದರ' => 2050],
        ],
        'ಶೇಂಗಾ' => [
            ['ಚೀಲ' => 30, 'ಕ್ವಿಂಟಲ್' => 9, 'ದರ' => 5600],
        ],
    ],
    'ಹರಿಹರ' => [
        'ಭತ್ತ' => [
            ['ಚೀಲ' => 60, 'ಕ್ವಿಂಟಲ್' => 45, 'ದರ' => 2200],
        ],
    ],
];

ಚೌಕ ಆವರಣದ ಈ ಬರವಣಿಗೆ ಪಿಎಚ್‌ಪಿ 5.4ರಿಂದ ಬಂದದ್ದು, ಅದಕ್ಕಿಂತ ಹಳೆಯ ಕೋಡಿನಲ್ಲಿ ಇದೇ ಜಾಗದಲ್ಲಿ ಅರೇ ಎಂಬ ಪದ ಮತ್ತು ದುಂಡು ಆವರಣ ಕಾಣುತ್ತದೆ, ಅರ್ಥ ಒಂದೇ. ಮೇಲಿನ ಎರಡು ಮಟ್ಟಗಳಿಗೆ ಹೆಸರಿನ ಕೀಗಳಿವೆ, ಮೂರನೆಯ ಮಟ್ಟಕ್ಕೆ 0, 1 ಎಂಬ ಕ್ರಮಸಂಖ್ಯೆಗಳು ತಾವಾಗಿಯೇ ಬರುತ್ತವೆ, ನಾಲ್ಕನೆಯದಕ್ಕೆ ಮತ್ತೆ ಹೆಸರು. ಜಗಳೂರಿನ ಮೊದಲ ಮೆಕ್ಕೆಜೋಳದ ಲಾಟಿನ ದರ ಬೇಕಾದರೆ ಮೇಲಿನಿಂದ ಇಳಿಯುತ್ತಾ ಹೋಗಬೇಕು:

$ಆವಕ['ಜಗಳೂರು']['ಮೆಕ್ಕೆಜೋಳ'][0]['ದರ']

ಹೊಸ ಲಾಟು ಸೇರಿಸಲು ಮೂರನೆಯ ಮಟ್ಟದಲ್ಲಿ ಖಾಲಿ ಆವರಣ ಇಡಬೇಕು. ಆ ತಾಲ್ಲೂಕಾಗಲಿ ಬೆಳೆಯಾಗಲಿ ಅರೇಯಲ್ಲಿ ಇಲ್ಲದಿದ್ದರೆ ಪಿಎಚ್‌ಪಿ ತಾನೇ ಹುಟ್ಟಿಸಿಕೊಳ್ಳುತ್ತದೆ:

$ಆವಕ['ಚನ್ನಗಿರಿ']['ಅಡಿಕೆ'][] = ['ಚೀಲ' => 4, 'ಕ್ವಿಂಟಲ್' => 2.6, 'ದರ' => 47000];

ಈ ಸೌಲಭ್ಯಕ್ಕೊಂದು ಅಪಾಯವೂ ಅಂಟಿಕೊಂಡಿದೆ. 'ಚನ್ನಗಿರಿ' ಎನ್ನುವಲ್ಲಿ 'ಚೆನ್ನಗಿರಿ' ಎಂದು ಟೈಪ್ ಮಾಡಿದರೂ ಯಾವ ತಕರಾರೂ ಇಲ್ಲದೆ ಹೊಸ ತಾಲ್ಲೂಕೊಂದು ಹುಟ್ಟಿಬಿಡುತ್ತದೆ. ಓದುವಾಗ ಮಾತ್ರ ಇಲ್ಲದ ಕೀಯನ್ನು ಕೇಳಿದರೆ ಎಚ್ಚರಿಕೆ ಬರುತ್ತದೆ. 8ನೇ ಆವೃತ್ತಿಯ ಮೊದಲು ಅದು ಕೇವಲ ನೋಟಿಸ್ ಆಗಿತ್ತು, ಈಗ ವಾರ್ನಿಂಗ್ ಆಗಿದೆ. ಇಲ್ಲದಿರುವುದು ಸಹಜವಾದ ಕಡೆಗಳಲ್ಲಿ, ಅಂದರೆ ಇವತ್ತು ಹರಿಹರದಿಂದ ಶೇಂಗಾ ಬಾರದೇ ಇರಬಹುದಾದ ಕಡೆಗಳಲ್ಲಿ, ಪಿಎಚ್‌ಪಿ 7ರಿಂದ ಲಭ್ಯವಿರುವ ಜೋಡಿ ಪ್ರಶ್ನಾರ್ಥಕ ಚಿಹ್ನೆಯನ್ನು ಬಳಸಬಹುದು. ಸರಣಿಯ ಯಾವ ಮಟ್ಟದಲ್ಲಿ ಕೊಂಡಿ ತಪ್ಪಿದ್ದರೂ ಅದು ಸದ್ದಿಲ್ಲದೆ ಬಲಗಡೆಯ ಬೆಲೆಯನ್ನು ಕೊಡುತ್ತದೆ:

$ದರ = $ಆವಕ['ಹರಿಹರ']['ಶೇಂಗಾ'][0]['ದರ'] ?? 0;

ಎಲ್ಲೆಂದರಲ್ಲಿ ಇದನ್ನು ಹಾಕುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಕಾಗುಣಿತದ ತಪ್ಪನ್ನೂ ಇದು ಸೊನ್ನೆಯಾಗಿ ಮುಚ್ಚಿಹಾಕುತ್ತದೆ.

ಇನ್ನು ಲೂಪು. ಎಲ್ಲ ತಾಲ್ಲೂಕುಗಳನ್ನೂ ಸೇರಿಸಿ ಬೆಳೆವಾರು ತೂಕ ಬೇಕಾದಾಗ ಮಟ್ಟಕ್ಕೊಂದರಂತೆ ಫಾರ್‌ಈಚ್ ಬರೆಯುವುದು ಉದ್ದವೆನಿಸಿದರೂ ಸ್ಪಷ್ಟವಾಗಿರುತ್ತದೆ. ಪ್ರತಿ ಮಟ್ಟದ ವೇರಿಯಬಲ್‌ಗೆ ಆ ಮಟ್ಟದ್ದೇ ಹೆಸರು ಕೊಟ್ಟರೆ ಎಲ್ಲಿ ನಿಂತಿದ್ದೇವೆ ಎಂಬುದು ಮರೆಯುವುದಿಲ್ಲ:

ಫಾರ್‌ಈಚ್ ($ಆವಕ ಆ್ಯಸ್ $ತಾಲ್ಲೂಕು => $ಬೆಳೆಗಳು) {
    ಫಾರ್‌ಈಚ್ ($ಬೆಳೆಗಳು ಆ್ಯಸ್ $ಬೆಳೆ => $ಲಾಟುಗಳು) {
        $ತೂಕ = ಅರೇ_ಸಮ್(ಅರೇ_ಕಾಲಮ್($ಲಾಟುಗಳು, 'ಕ್ವಿಂಟಲ್'));
        $ಮೊತ್ತ[$ಬೆಳೆ] = ($ಮೊತ್ತ[$ಬೆಳೆ] ?? 0) + $ತೂಕ;
    }
}

ಲಾಟುಗಳ ಮಟ್ಟದಲ್ಲಿ ಮೂರನೆಯ ಲೂಪಿನ ಅಗತ್ಯ ಬೀಳಲಿಲ್ಲ. ಅರೇ_ಕಾಲಮ್ ಎಂಬುದು ಸಾಲುಗಳ ಪಟ್ಟಿಯಿಂದ ಒಂದೇ ಅಂಕಣವನ್ನು ಎತ್ತಿಕೊಡುತ್ತದೆ, ಅರೇ_ಸಮ್ ಅದನ್ನು ಕೂಡುತ್ತದೆ. ಜಗಳೂರಿನ ಮೆಕ್ಕೆಜೋಳಕ್ಕೆ 39 ಕ್ವಿಂಟಲ್ ಬರುತ್ತದೆ. ಇದೇ ಉಪಾಯದಿಂದ ದರದ ಅಂಕಣವನ್ನು ಎತ್ತಿ ಲಾಟುಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ 2075 ಎಂದು ಬರುತ್ತದೆ, ಆದರೆ ದಲಾಲರು ಅದನ್ನು ಒಪ್ಪುವುದಿಲ್ಲ. ಪ್ರತಿ ಲಾಟಿನ ತೂಕವನ್ನು ಅದರ ದರದಿಂದ ಗುಣಿಸಿ, ಕೂಡಿ ಬಂದ 81,150ನ್ನು 39ರಿಂದ ಭಾಗಿಸಿದರೆ 2080 ರೂಪಾಯಿ 77 ಪೈಸೆ ಆಗುತ್ತದೆ, ಸರಿಯಾದ ಸರಾಸರಿ ಅದೇ.

ಅರೇಯನ್ನು ಓದುವುದಕ್ಕಿಂತ ತಿದ್ದುವುದು ಹೆಚ್ಚು ಕಾಡುತ್ತದೆ. ಫಾರ್‌ಈಚ್ ಒಳಗೆ ಸಿಗುವ $ಲಾಟು ಮೂಲದ ನಕಲು ಮಾತ್ರ; ಅದನ್ನು ತಿದ್ದಿದರೆ ಮೂಲ ಅರೇ ಹಾಗೆಯೇ ಇರುತ್ತದೆ. ಮೂಲವನ್ನೇ ತಿದ್ದಲು ವೇರಿಯಬಲ್ ಮುಂದೆ & ಚಿಹ್ನೆ ಹಾಕಿ ಉಲ್ಲೇಖವಾಗಿ ತೆಗೆದುಕೊಳ್ಳುತ್ತಾರೆ:

ಫಾರ್‌ಈಚ್ ($ಆವಕ['ಜಗಳೂರು']['ಮೆಕ್ಕೆಜೋಳ'] ಆ್ಯಸ್ &$ಲಾಟು) {
    $ಲಾಟು['ಹಣ'] = $ಲಾಟು['ಕ್ವಿಂಟಲ್'] * $ಲಾಟು['ದರ'];
}
ಅನ್‌ಸೆಟ್($ಲಾಟು);

ಕೊನೆಯ ಸಾಲನ್ನು ನಾನು ಒಮ್ಮೆ ಬಿಟ್ಟಿದ್ದೆ. ಲೂಪು ಮುಗಿದ ಮೇಲೂ $ಲಾಟು ಕೊನೆಯ ಲಾಟಿಗೇ ಅಂಟಿಕೊಂಡಿತ್ತು; ಕೆಳಗೆ ಅದೇ ಹೆಸರಿನಿಂದ, ಈ ಬಾರಿ & ಇಲ್ಲದೆ, ಪಟ್ಟಿ ಮುದ್ರಿಸುವ ಇನ್ನೊಂದು ಲೂಪು ಬರೆದಿದ್ದೆ. ಆ ಎರಡನೆಯ ಲೂಪಿನ ಮೊದಲ ಸುತ್ತಿನಲ್ಲಿ $ಲಾಟಿಗೆ ಮೊದಲ ಲಾಟನ್ನು ತುಂಬಿದಾಗ ಅದು ನಿಜವಾಗಿ ಹೋಗಿ ಬಿದ್ದದ್ದು ಕೊನೆಯ ಲಾಟಿನ ಜಾಗಕ್ಕೆ. ಪುಟದಲ್ಲಿ 40 ಚೀಲದ ಲಾಟು ಎರಡು ಬಾರಿ ಕಾಣಿಸಿತು, 25 ಚೀಲದ್ದು ಮಾಯವಾಯಿತು. "ಇಪ್ಪತ್ತೈದು ಚೀಲದ ಲಾಟು ಎಲ್ಲಿಗೆ ಹೋತಪ್ಪಾ?" ಎಂದು ಸಾಹುಕಾರರು ಕೇಳಿದಾಗ ನನಗೆ ಉತ್ತರ ತಿಳಿಯಲು ಒಂದು ಮಧ್ಯಾಹ್ನವೇ ಬೇಕಾಯಿತು. ಒಂದಕ್ಕಿಂತ ಹೆಚ್ಚು ಲೂಪುಗಳು ಒಳಗೊಳಗೆ ಇದ್ದಾಗ ಇನ್ನೊಂದು ತೊಡಕಿದೆ: ಒಳಗಿನ ಲೂಪಿಗೆ ಮಾತ್ರ & ಹಾಕಿ ಹೊರಗಿನದಕ್ಕೆ ಹಾಕದಿದ್ದರೆ ತಿದ್ದುಪಡಿ ಆಗುವುದು ಹೊರಗಿನ ನಕಲಿನೊಳಗೆ. ಆದ್ದರಿಂದ ಈಗ ನಾನು & ಚಿಹ್ನೆಯ ಸಹವಾಸವನ್ನೇ ಬಿಟ್ಟಿದ್ದೇನೆ. ಪ್ರತಿ ಲೂಪಿನಲ್ಲೂ ಕೀಯನ್ನು ಹಿಡಿದುಕೊಂಡು ಪೂರ್ಣ ದಾರಿಯನ್ನೇ ಬರೆಯುತ್ತೇನೆ:

$ಆವಕ[$ತಾಲ್ಲೂಕು][$ಬೆಳೆ][$ಕ್ರಮ]['ಹಣ'] = $ಲಾಟು['ಕ್ವಿಂಟಲ್'] * $ಲಾಟು['ದರ'];

ಒಂದು ಕೊಂಬೆಯನ್ನು ಕಡಿದು ಇನ್ನೊಂದು ಕಡೆ ನೆಡುವುದು ಇದಕ್ಕಿಂತ ಸುಲಭ. ಹರಪನಹಳ್ಳಿಯನ್ನೇ ನೋಡಿ: 1997ರಲ್ಲಿ ದಾವಣಗೆರೆ ಜಿಲ್ಲೆ ಚಿತ್ರದುರ್ಗದಿಂದ ಬೇರೆಯಾದಾಗ ಅದು ಬಳ್ಳಾರಿಯಿಂದ ಇತ್ತ ಬಂದಿತು, ಮತ್ತೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಯನ್ನೂ ಒಂದು ಮಟ್ಟವಾಗಿ ಇಟ್ಟುಕೊಂಡ ಹಳೆಯ ಅರೇಯಲ್ಲಿ ಅದು ದಾವಣಗೆರೆಯಲ್ಲೇ ಉಳಿದಿದ್ದರೆ ಎರಡು ಸಾಲು ಸಾಕು, ಒಳಗಿರುವ ಬೆಳೆ, ಲಾಟು ಎಲ್ಲವೂ ಜೊತೆಗೇ ಹೋಗುತ್ತವೆ:

$ಜಿಲ್ಲೆ['ವಿಜಯನಗರ']['ಹರಪನಹಳ್ಳಿ'] = $ಜಿಲ್ಲೆ['ದಾವಣಗೆರೆ']['ಹರಪನಹಳ್ಳಿ'];
ಅನ್‌ಸೆಟ್($ಜಿಲ್ಲೆ['ದಾವಣಗೆರೆ']['ಹರಪನಹಳ್ಳಿ']);

ಹೆಸರಿನ ಕೀಗಳ ಮಟ್ಟದಲ್ಲಿ ಅನ್‌ಸೆಟ್ ನಿರಪಾಯ. ಲಾಟುಗಳ ಮಟ್ಟದಲ್ಲಿ ಹಾಗಲ್ಲ: 0ಯನ್ನು ಅಳಿಸಿದರೆ 1 ಎಂಬುದು 1 ಆಗಿಯೇ ಉಳಿಯುತ್ತದೆ. ಅಂಥ ಅರೇಯನ್ನು ಜೇಸನ್‌ಗೆ (ಮಾಹಿತಿ ಕಳುಹಿಸಲು ಬಳಸುವ ಪಠ್ಯರೂಪಕ್ಕೆ) ಬದಲಿಸಿ ಬ್ರೌಸರಿಗೆ ಕಳುಹಿಸಿದರೆ ಅದು ಪಟ್ಟಿಯ ಬದಲು ಆಬ್ಜೆಕ್ಟ್ ಆಗಿ ಹೋಗುತ್ತದೆ, ಅಲ್ಲಿಯ ಜಾವಾಸ್ಕ್ರಿಪ್ಟ್ ಎಡವುತ್ತದೆ. ಅಳಿಸಿದ ನಂತರ ಅರೇ_ವ್ಯಾಲ್ಯೂಸ್ ಬಳಸಿ ಕ್ರಮಸಂಖ್ಯೆಗಳನ್ನು ಮತ್ತೆ ಸೊನ್ನೆಯಿಂದ ಜೋಡಿಸಬೇಕು. ಅರೇ_ಫಿಲ್ಟರ್ ಬಳಸಿದಾಗಲೂ ಇದೇ ಮಾತು.

ಬೆಳಗಿನ ಮತ್ತು ಸಂಜೆಯ ಆವಕಗಳನ್ನು ಕೂಡಿಸುವಾಗ ಮೂರು ದಾರಿಗಳು ಮೂರು ಉತ್ತರ ಕೊಡುತ್ತವೆ. ಎರಡು ಅರೇಗಳ ನಡುವೆ ಕೂಡುವ ಚಿಹ್ನೆ ಹಾಕಿದರೆ ಮೇಲಿನ ಮಟ್ಟವನ್ನು ಮಾತ್ರ ನೋಡಲಾಗುತ್ತದೆ. ಬೆಳಗಿನಲ್ಲಿ ಜಗಳೂರು ಇದ್ದರೆ ಸಂಜೆಯ ಜಗಳೂರು ಪೂರ್ತಿ ಬಿಟ್ಟುಹೋಗುತ್ತದೆ. ಅರೇ_ರಿಪ್ಲೇಸ್_ರಿಕರ್ಸಿವ್ ಆಳಕ್ಕೆ ಇಳಿಯುತ್ತದೆ, ಆದರೆ ಸಂಜೆಯ 0ನೇ ಲಾಟು ಬೆಳಗಿನ 0ನೇ ಲಾಟಿನ ಮೇಲೆ ಕುಳಿತುಬಿಡುತ್ತದೆ. ಅರೇ_ಮರ್ಜ್_ರಿಕರ್ಸಿವ್ ಹೆಸರಿನ ಕೀಗಳನ್ನು ಒಂದುಗೂಡಿಸಿ ಕ್ರಮಸಂಖ್ಯೆಯ ಲಾಟುಗಳನ್ನು ಬೆನ್ನಿಗೆ ಸೇರಿಸುತ್ತದೆ, ನಮಗೆ ಬೇಕಾದದ್ದು ಇದು. ಅದನ್ನೇ ಬೆಳೆಗೊಂದು ದರವಿರುವ ದರಪಟ್ಟಿಗೆ ಬಳಸಿದರೆ ಮಾತ್ರ ಒಂದು ದರವಿದ್ದ ಕಡೆ ಎರಡು ದರಗಳ ಅರೇ ನಿಲ್ಲುತ್ತದೆ; ಅಲ್ಲಿ ರಿಪ್ಲೇಸ್ ಸರಿ.

ಸಾಲುಗಳನ್ನು ದರದ ಪ್ರಕಾರ ಜೋಡಿಸಲು ಲಾಟುಗಳ ಮಟ್ಟದಲ್ಲಿ, ಕ್ರಮಸಂಖ್ಯೆಗಳನ್ನು ಹೊಸದಾಗಿ ಕೊಡುವ ಯುಸಾರ್ಟ್, ಹೆಸರಿನ ಕೀಗಳು ಉಳಿಯಬೇಕಾದ ಮೇಲಿನ ಮಟ್ಟಗಳಲ್ಲಿ ಯುಎಸಾರ್ಟ್ ಬಳಸಬೇಕು.

ಕನ್ನಡದ ಕೀಗಳನ್ನು ಇಡುವವರು ಇನ್ನೊಂದನ್ನು ಗಮನಿಸಬೇಕು. ಪಿಎಚ್‌ಪಿ ಕೀಗಳನ್ನು ಬೈಟುಗಳಾಗಿ ಹೋಲಿಸುತ್ತದೆ, ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಒಂದು ದಿನ ಮೊತ್ತದ ಪಟ್ಟಿಯಲ್ಲಿ ಮೆಕ್ಕೆಜೋಳ ಎರಡು ಬಾರಿ ಬಂದಿತು, ಎರಡೂ ಒಂದೇ ರೀತಿ ಕಾಣುತ್ತಿದ್ದವು. ಉದ್ದ ಅಳೆದಾಗ 'ಜೋಳ' ಎಂಬ ಭಾಗ ಒಂದರಲ್ಲಿ 9 ಬೈಟು, ಇನ್ನೊಂದರಲ್ಲಿ 15 ಬೈಟು ಇತ್ತು. ಓ ಸ್ವರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಎ, ಊ ಮತ್ತು ದೀರ್ಘದ ಚಿಹ್ನೆಗಳ ಮೂರು ಸಂಕೇತಗಳಾಗಿಯೂ ಬರೆಯಬಹುದು. ಎರಡು ಬೇರೆ ಕಡೆಯಿಂದ ಬಂದ ಪಠ್ಯದಲ್ಲಿ ಎರಡು ಬಗೆಯೂ ಇದ್ದವು. ಪಿಎಚ್‌ಪಿಗೆ ಸೇರಿಸಿಕೊಳ್ಳುವ ಇಂಟ್‌ಲ್ ಎಕ್ಸ್‌ಟೆನ್ಷನ್ನಿನ ನಾರ್ಮಲೈಜರ್ ಇವನ್ನು ಒಂದೇ ರೂಪಕ್ಕೆ ತರುತ್ತದೆ, ಟ್ರಿಮ್ ಎರಡೂ ತುದಿಯ ಖಾಲಿ ಜಾಗವನ್ನು ತೆಗೆಯುತ್ತದೆ, ಆದ್ದರಿಂದ ಹೆಸರು ಕೀಯಾಗುವ ಮೊದಲೇ ಇವೆರಡರ ಮೂಲಕ ಹಾಯಿಸಬೇಕು:

$ಬೆಳೆ = ನಾರ್ಮಲೈಜರ್::ನಾರ್ಮಲೈಜ್(ಟ್ರಿಮ್($ಬೆಳೆ));

ಅರ್ಧಾಕ್ಷರ ಬಿಡಿಸಿ ತೋರಿಸಲು ಬಳಸುವ, ಅಗಲವೇ ಇಲ್ಲದ ಅಕ್ಷರವನ್ನು ನಾರ್ಮಲೈಜರ್ ಆಗಲಿ ಟ್ರಿಮ್ ಆಗಲಿ ತೆಗೆಯುವುದಿಲ್ಲ. ಕೀಗಳಿಂದ ಅದನ್ನು ಬೇರೆಯಾಗಿಯೇ ತೆಗೆದುಹಾಕಬೇಕು. ಅಂಕಿಗಳ ವಿಷಯವೂ ಇಂಥದ್ದೇ: '1' ಎಂಬ ಕೀ 1 ಎಂಬ ಸಂಖ್ಯೆಯಾಗಿ ಬದಲಾಗುತ್ತದೆ, '01' ಮತ್ತು '೧' ಬದಲಾಗದೆ ಪಠ್ಯವಾಗಿಯೇ ಉಳಿಯುತ್ತವೆ. ಹಳೆಯ ಅರೇಯಲ್ಲಿ ಆಗಲೇ ಒಡೆದುಹೋಗಿರುವ ಕೀಗಳಿದ್ದರೆ ಖಾಲಿ ಅರೇಯೊಂದನ್ನು ತೆರೆದು, ಮೂರು ಲೂಪುಗಳಲ್ಲಿ ಇಳಿದು, ತಿದ್ದಿದ ಕೀಯ ಕೆಳಗೆ ಪ್ರತಿ ಲಾಟನ್ನೂ ಖಾಲಿ ಆವರಣದಿಂದ ಮತ್ತೆ ಸೇರಿಸಬೇಕು. ಎರಡು ಮೆಕ್ಕೆಜೋಳಗಳ ಲಾಟುಗಳು ಆಗ ಒಂದೇ ಪಟ್ಟಿಗೆ ಬರುತ್ತವೆ.