ಬ್ಲೂಟೂತ್ ಮೌಸ್ ಜೋಡಣೆಯಾಗದ ತೊಂದರೆ ಸರಿಹೋದ ಬಗೆ

ಶಿರಸಿಯ ನಮ್ಮ ಮನೆಯ ಗಣಕಯಂತ್ರದಲ್ಲಿ ಬ್ಲೂಟೂತ್ ಮೌಸ್ ಪಟ್ಟಿಯಲ್ಲಿ ಕಾಣಿಸಿಕೊಂಡರೂ ಜೋಡಣೆಯ ಹಂತದಲ್ಲಿ ವಿಫಲವಾಗುತ್ತಿತ್ತು. ಅಪರೂಪಕ್ಕೆ ಜೋಡಣೆಯಾದರೆ ಬಾಣದ ಗುರುತು ತಡೆತಡೆದು ಚಲಿಸಿ, ಹತ್ತು ನಿಮಿಷದೊಳಗೆ ಸಂಪರ್ಕ ಕಡಿದುಹೋಗುತ್ತಿತ್ತು.

ಹೊಸ ಸೆಲ್ ಹಾಕಿದ್ದು, ಡ್ರೈವರ್ ತಂತ್ರಾಂಶ ತೆಗೆದು ಮರಳಿ ಸ್ಥಾಪಿಸಿದ್ದು, ಬೇರೆ ಡಾಂಗಲ್ (ಗಣಕಕ್ಕೆ ಬ್ಲೂಟೂತ್ ಒದಗಿಸುವ ಪುಟ್ಟ ಯುಎಸ್‌ಬಿ ಸಾಧನ) ಕೊಂಡದ್ದು ಯಾವುದೂ ಫಲ ನೀಡಲಿಲ್ಲ. ಮಳೆಗಾಲದಲ್ಲಿ ಇಲ್ಲಿ ವಿದ್ಯುತ್ತು ಪದೇ ಪದೇ ಹೋಗುವುದರಿಂದ ಇನ್ವರ್ಟರನ್ನೂ ಶಂಕಿಸಿದ್ದೆ; ಅದು ನಿರಪರಾಧಿ.

ಬ್ಯಾಕಪ್‌ಗಾಗಿ ಇಟ್ಟಿದ್ದ ಹಾರ್ಡ್ ಡಿಸ್ಕನ್ನು ಕಳಚಿದಾಗ ಮಾತ್ರ ಮೌಸ್ ಸರಾಗವಾಗಿ ಓಡುವುದನ್ನು ಗಮನಿಸಿದ ಮೇಲೆ ಕಾರಣ ಸ್ಪಷ್ಟವಾಯಿತು. ಡಾಂಗಲ್ ಮತ್ತು ಡಿಸ್ಕ್ ಎರಡೂ ಹಿಂಬದಿಯ ಅಕ್ಕಪಕ್ಕದ ಯುಎಸ್‌ಬಿ 3.0 ಪೋರ್ಟ್‌ಗಳಲ್ಲಿದ್ದವು. ಯುಎಸ್‌ಬಿ 3.0 ದತ್ತಾಂಶ ರವಾನಿಸುವಾಗ ಹೊಮ್ಮುವ ರೇಡಿಯೋ ಗದ್ದಲವು ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನೂ ಆವರಿಸುವುದರಿಂದ, ಮೌಸ್‌ನ ಕ್ಷೀಣ ಸಂಕೇತ ಅದರಲ್ಲಿ ಮುಳುಗಿಹೋಗುತ್ತಿತ್ತು.

ಮೊದಲು ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ‘ಬ್ಲೂಟೂತ್ ಅಂಡ್ ಡಿವೈಸಸ್’ ತೆರೆದು, ಮೌಸ್‌ನ ಹಳೆಯ ನಮೂದನ್ನು ‘ರಿಮೂವ್ ಡಿವೈಸ್’ ಮೂಲಕ ಅಳಿಸಿದೆ. ಗಣಕವನ್ನು ಪೂರ್ತಿ ಆರಿಸಿ, ಡಾಂಗಲ್ಲನ್ನು ಒಂದು ಮೀಟರ್ ಉದ್ದದ ಎಕ್ಸ್‌ಟೆನ್ಷನ್ ಕೇಬಲ್‌ಗೆ ಸಿಕ್ಕಿಸಿ, ಕೇಬಲನ್ನು ಮುಂಬದಿಯ ಯುಎಸ್‌ಬಿ 2.0 ಪೋರ್ಟ್‌ಗೆ ಜೋಡಿಸಿ, ಡಾಂಗಲ್ ಮೇಜಿನ ಮೇಲೆ ಡಿಸ್ಕ್‌ನಿಂದ ದೂರದಲ್ಲಿ ಇರುವಂತೆ ಮಾಡಿದೆ. ಗಣಕ ಚಾಲೂ ಆದ ಮೇಲೆ, ಮೌಸ್‌ನ ಅಡಿಯ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿಹಿಡಿದು ‘ಆಡ್ ಡಿವೈಸ್’ ಕೊಟ್ಟಾಗ ಮೊದಲ ಯತ್ನದಲ್ಲೇ ಜೋಡಣೆಯಾಯಿತು. ಕೊನೆಯದಾಗಿ ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಅಡಾಪ್ಟರ್‌ನ (ಅಂದರೆ ಡಾಂಗಲ್‌ನ) ಪ್ರಾಪರ್ಟೀಸ್ ತೆರೆದು, ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಅನುಮತಿಯ ಟಿಕ್ ತೆಗೆದೆ. ಈಗ ಬ್ಯಾಕಪ್ ನಡೆಯುತ್ತಿರುವಾಗಲೂ ಸಂಪರ್ಕ ಕಡಿಯುವುದಿಲ್ಲ.